ಇಂಗ್ಲಿಷಿನಲ್ಲಿ ಹೇಳಿದ ಒಡಪು

ಹರಪನಹಳ್ಳಿ
೧೨ ಆಗಸ್ಟ್ ೨೦೨೪, ಶ್ರಾವಣ ಸೋಮವಾರ

ಪ್ರೀತಿಯ ಅತ್ತೆಯವರಿಗೆ ಭಾಗ್ಯಳ ಶರಣು ಶರಣಾರ್ಥಿ.

ನಿಮ್ಮ ಮೊಣಕಾಲು ಹೇಗಿದೆ? ಹಡಗಲಿಯ ಆ ಮನೆಗೆ ಮೆಟ್ಟಿಲು ಜಾಸ್ತಿ, ನೀವೋ ಒಂದು ಕಡೆ ಕೂರುವವರಲ್ಲ. ಎಣ್ಣೆ ತಿಕ್ಕಿಸಿಕೊಳ್ಳಲು ನಾಚಿಕೆ ಪಡಬೇಡಿ, ಅಳಿಯನ ಮನೆಯಾದರೇನು, ಕಾಲು ನಿಮ್ಮದೇ ತಾನೆ. ಗೀತಾಂಜಲಿ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆಯೇ? ಡಾಕ್ಟರು ಅವಳಿಗೆ ಪ್ರಯಾಣ ಬೇಡ ಎಂದದ್ದಕ್ಕೆ ನೀವೇ ಬಾಣಂತನಕ್ಕೆ ಅಲ್ಲಿಗೆ ಹೋಗಬೇಕಾಯಿತು, ಇಲ್ಲದಿದ್ದರೆ ಕೂಸು ಈಗ ನನ್ನ ಮಡಿಲಲ್ಲಿ ಇರುತ್ತಿತ್ತು. ಅದರ ಮೂಗು ನಮ್ಮ ಮನೆಯದೆಂದು ನೀವು, ತಮ್ಮ ಮನೆಯದೆಂದು ಬೀಗಿತ್ತಿ ಜಗಳ ಹಚ್ಚಿದ್ದೀರಂತೆ. ಫೋಟೋ ನೋಡಿದೆ, ಸದ್ಯಕ್ಕೆ ಅದು ಯಾರ ಮೂಗೂ ಅಲ್ಲ, ಬರೀ ಕಡಲೆಕಾಳು. ಈ ಪತ್ರ ತರುವ ಗುರುಸಂಗಪ್ಪ ಮಾವನ ಕೈಯಲ್ಲಿ ಅಂಟಿನುಂಡಿಯ ಡಬ್ಬಿ ಕೊಟ್ಟಿದ್ದೇನೆ. ಬೆಲ್ಲ ನಿಮ್ಮ ಅಳತೆಯಲ್ಲೇ ಹಾಕಿದ್ದೇನೆ, ಆದರೂ ಕಡಿಮೆಯಾಯಿತು ಅನ್ನುತ್ತೀರಿ ಎಂದು ಗೊತ್ತು. ಇಲ್ಲಿ ಎಲ್ಲರೂ ಕ್ಷೇಮ. ಮಾವನವರು ಬೆಳಿಗ್ಗೆಯೇ ಬಾಗಳಿಗೆ ಹೋಗಿ ಕಲ್ಲೇಶ್ವರನಿಗೆ ಕಾಯಿ ಒಡೆಸಿಕೊಂಡು ಬಂದರು. ಚಿಗಟೇರಿ ಹೊಲದಲ್ಲಿ ಮೆಕ್ಕೆಜೋಳ ಆಳೆತ್ತರ ನಿಂತಿದೆ, ನಿಮ್ಮ ಮಗ ಅದರೊಳಗೆ ಹೊಕ್ಕರೆ ಕಾಣುವುದಿಲ್ಲ, ಕೂಗಿಯೇ ಕರೆಯಬೇಕು. ಕೂಗುವುದಾದರೂ ಹೇಗೆ ಹೇಳಿ, "ಏನ್ರೀ" ಅಂದರೆ ಅಕ್ಕಪಕ್ಕದ ಹೊಲದ ಗಂಡಸರೆಲ್ಲ ಓ ಅನ್ನುತ್ತಾರೆ.

ಇಷ್ಟಕ್ಕೆಲ್ಲ ಪತ್ರ ಯಾಕೆ, ಫೋನು ಸತ್ತಿದೆಯಾ ಎಂದು ಕೇಳುತ್ತೀರಿ. ಫೋನು ಚೆನ್ನಾಗಿದೆ. ಫೋನಿನಲ್ಲಿ ಹೇಳಿದರೆ ನೀವು ಅರ್ಧ ಮಾತಿಗೇ "ಏನಂದಿ?" ಎಂದು ಬಾಯಿ ಹಾಕುತ್ತೀರಿ, ಉಳಿದರ್ಧ ನನ್ನ ಗಂಟಲಲ್ಲೇ ಉಳಿಯುತ್ತದೆ. ಪತ್ರಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿ, ಆಮೇಲೆ ಬೇಕಾದರೆ ಬೈಯಿರಿ. ಪಕ್ಕದ ಮನೆಯ ನಾಗಲಿಂಗಮ್ಮ ಶುಕ್ರವಾರದಿಂದ ನಿಮ್ಮ ಹಡಗಲಿ ನಂಬರು ಕೇಳುತ್ತಾ ಓಣಿಯೆಲ್ಲ ತಿರುಗುತ್ತಿದ್ದಾಳೆ. "ನಿಮ್ಮ ಸೊಸಿ ಪರದೇಶದವ್ರ ಮುಂದ ಗಂಡನ ಹೆಸರು ಹಿಡದು ಒದರಿದ್ಲು ನೋಡವ್ವಾ" ಎಂದು ಅವಳು ಹೇಳುವ ಮೊದಲು ನಡೆದದ್ದನ್ನು ನಾನೇ ಹೇಳಬೇಕು. ಒದರಿದ್ದು ನಿಜ. ಹೇಗೆ ಒದರಿದೆ ಎಂಬುದನ್ನು ಮಾತ್ರ ಅವಳು ನಿಮಗೆ ಹೇಳುವುದಿಲ್ಲ.

ನನ್ನ ಇಂಗ್ಲಿಷ್ ಕ್ಲಾಸಿನ ವಿಷಯ ನಿಮಗೆ ಗೊತ್ತೇ ಇದೆ. ಕೊಟ್ಟೂರಿನ ಕ್ರಾಂತಿ, ಆ ಬಿ.ಎಡ್. ಓದಿದ ಹುಡುಗಿ, ನನ್ನನ್ನು ಆ ಆನ್‌ಲೈನ್ ಗುಂಪಿಗೆ ಸೇರಿಸಿದಳು. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟ ಮೇಲೆ ಫೋನನ್ನು ಜೋಳದ ಹಿಟ್ಟಿನ ಡಬ್ಬಿಗೆ ಒರಗಿಸಿ ಕೂರುತ್ತಿದ್ದೆನಲ್ಲ, ಅದೇ. ಅದರಲ್ಲಿ ಈಜಿಪ್ಟಿನವರಿದ್ದಾರೆ, ಬ್ರೆಜಿಲಿನವರಿದ್ದಾರೆ, ವಿಯೆಟ್ನಾಮಿನವರಿದ್ದಾರೆ. ನಮಗೆ ಕಲಿಸುವ ಮೇಡಂ ನ್ಯೂಜಿಲೆಂಡಿನವರು, ನಮಗೆ ಮಧ್ಯಾಹ್ನವಾದಾಗ ಅವರ ಮನೆಯಲ್ಲಿ ದೀಪ ಹಚ್ಚಿರುತ್ತದೆ. ನೀವು ಹಡಗಲಿ ಬಸ್ಸು ಹತ್ತುವಾಗ "ಕಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮನಿ ಮರ್ಯಾದಿ ಇಂಗ್ಲಿಷಿನಾಗ ಕಳೀಬ್ಯಾಡ" ಅಂದಿರಿ. ಅದನ್ನು ನಾನು ಮರೆತಿಲ್ಲ. ಆ ಗುಂಪಿನಲ್ಲಿ ಒಂದು ಪದ್ಧತಿ ಇದೆ: ಇಂದು ಕಲಿತವರು ನಾಳೆ ಕಲಿಸಬೇಕು. ಮೊದಲ ಹಂತ ಮುಗಿಸಿದವರು ಎಲ್ಲರೆದುರು ತಮ್ಮ ಮನೆಯ ಮಂದಿಯನ್ನು ಹೆಸರು ಹಿಡಿದು ಪರಿಚಯ ಮಾಡಿಕೊಡಬೇಕು, ಅದು ತಡೆಯಿಲ್ಲದೆ ನಡೆದರೆ ಹೊಸಬರ ಗುಂಪೊಂದಕ್ಕೆ ಅವರೇ ಟೀಚರ್. ಮೂರು ಸಲ ಅವಕಾಶ, ತಪ್ಪಿದರೆ ಮುಂದಿನ ವರ್ಷ. ನನಗೆ ಆ ಟೀಚರ್ ಕೆಲಸ ಬೇಕಿತ್ತು ಅತ್ತೆ. ಬಾಯಿಬಿಟ್ಟು ಹೇಳಲು ನಾಚಿಕೆಯಾಗುವಷ್ಟು ಬೇಕಿತ್ತು. ಪಿಯುಸಿಯಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದು, ಡಿ.ಎಡ್. ಆಸೆ ಬಿಟ್ಟು, ನಿಮ್ಮ ಮನೆಗೆ ಬಂದವಳು ನಾನು. ಆ ಇಂಗ್ಲಿಷನ್ನೇ ನಾನು ಕಲಿಸುವುದೆಂದರೆ ಹಾಯ್ದ ಎತ್ತನ್ನೇ ಗಾಡಿಗೆ ಹೂಡಿದ ಹಾಗೆ.

ಮೊದಲ ಸಲ ಎಲ್ಲ ಸುಸೂತ್ರವಾಗಿ ಹೋಯಿತು. ನಿಮ್ಮ ಹೆಸರು, ಮಾವನವರ ಹೆಸರು ಕೈಮುಗಿದು ಹೇಳಿದೆ. ನನ್ನ ಮಗಳ ಹೆಸರು, ಎಮ್ಮೆಯ ಹೆಸರು ಕೂಡ ಹೇಳಿದೆ. "ಮೈ ಹಸ್ಬೆಂಡ್ಸ್ ನೇಮ್ ಈಸ್..." ಅಲ್ಲಿಗೆ ಗಾಡಿ ನಿಂತಿತು. ಬಾಯಿ ತೆರೆದೇ ಇತ್ತು, ಶಬ್ದ ಮಾತ್ರ ಬರಲಿಲ್ಲ. ನಾನೊಬ್ಬಳೇ ಅಲ್ಲ. ಹಗರಿಬೊಮ್ಮನಹಳ್ಳಿಯ ಅಂಜಿನಕ್ಕ ಅಲ್ಲಿಗೆ ಬಂದವಳು "ಫಾದರ್ ಆಫ್ ಮೈ ಚಿಲ್ಡ್ರನ್" ಎಂದು ಸುತ್ತು ಹಾಕಿ ಓಡಿಹೋದಳು. ಕೂಡ್ಲಿಗಿಯ ಮೈಲಮ್ಮನ ಮನೆಯಲ್ಲಿ ಕುರಿ ಸಾಕುತ್ತಾರೆ, ಅವಳು ಕುರಿಗಳ ಹೆಸರನ್ನೆಲ್ಲ ಹೇಳಿ, ನಾಯಿಯ ಹೆಸರು ಹೇಳಿ, ಗಂಡನ ಹತ್ತಿರ ಬಂದು ಸೆರಗು ಕಚ್ಚಿಕೊಂಡು ನಿಂತಳು. ಮೇಡಂಗೆ ಒಂದೂ ತಿಳಿಯಲಿಲ್ಲ. ಈ ಕಡೆಯ ಹೆಂಗಸರಿಗೆ ಗಂಡ ಎಂಬ ಪದವೇ ಬರುವುದಿಲ್ಲ ಎಂದುಕೊಂಡು ಪಾಪ, ನಮಗಾಗಿಯೇ ಗಂಡನ ಪಾಠ ಮಾಡಿ ಕಳಿಸಿದರು! ಮೀಸೆಯ ಗಂಡ, ಬೋಳುತಲೆಯ ಗಂಡ, ತರಕಾರಿ ಹೆಚ್ಚುವ ಗಂಡ, ಎಲ್ಲಕ್ಕೂ ಚಿತ್ರ. ತರಕಾರಿ ಹೆಚ್ಚುವವನನ್ನು ನೋಡಿ ಅಂಜಿನಕ್ಕ "ಇಂಥಾವೂ ಸಿಗತಾವೇನವ್ವಾ?" ಅಂದಳು. ವಾರ ಮುಗಿಯುವಷ್ಟರಲ್ಲಿ ಗಂಡನ ಎತ್ತರ, ಬಣ್ಣ, ಸಿಟ್ಟು, ಗೊರಕೆ ಎಲ್ಲವೂ ನಮಗೆ ಇಂಗ್ಲಿಷಿನಲ್ಲಿ ಬಂತು, ಹೆಸರೊಂದು ಬರಲಿಲ್ಲ. ಎರಡನೇ ಸಲ ನಾನು ಮಗಳ ಪಾಟಿಯ ಮೇಲೆ ಹೆಸರು ಬರೆದು ಕ್ಯಾಮೆರಾಕ್ಕೆ ಹಿಡಿದೆ. ಮೇಡಂ ನಕ್ಕು, ಚೆನ್ನಾಗಿ ಬರೆದಿದ್ದೀಯ, ಆದರೆ ಇದು ಮಾತಿನ ಪರೀಕ್ಷೆ ಅಂದರು. ಕ್ರಾಂತಿ ತಾನೇ ಮೇಡಂಗೆ ನಮ್ಮ ಪದ್ಧತಿ ತಿಳಿಸುತ್ತೇನೆ ಅಂದಳು. ನಾನೇ ಬೇಡ ಅಂದೆ. ನನ್ನ ಸಂಕಟವನ್ನೂ ಇನ್ನೊಬ್ಬರ ಇಂಗ್ಲಿಷಿನಲ್ಲಿ ಹೇಳಿಸುವುದಾದರೆ ನಾನು ಕಲಿತದ್ದಾದರೂ ಯಾಕೆ?

ನಿಮ್ಮ ಮಗ ಮಾತ್ರ "ಹೇಳಿಬಿಡಲೇ, ನಾನೇನು ಕರಗಿ ಹೋಗಂಗಿಲ್ಲ" ಎಂದು ನಗಾಡಿದರು. ಮಾವನವರೂ "ಈಗಿನ ಕಾಲದಾಗ ಯಾರು ಕೇಳ್ತಾರ ಬಿಡವಾ" ಅಂದರು. ಅವರಿಗೇನು, ಹೇಳುವವಳು ನಾನು. ಅತ್ತೆ, ಒಂದು ಮಾತು ಹೇಳುತ್ತೇನೆ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನೀವು ಹೇಳಿದಾಗ ನಾನು ಒಳಗೊಳಗೇ ನಕ್ಕಿದ್ದೆ. ಆದರೆ ಹೋದ ವರ್ಷ ಬೋರಿನ ಮೋಟಾರು ಎತ್ತುವಾಗ ಇವರಿಗೆ ಕರೆಂಟು ಹೊಡೆದು, ಬಲಗೈ ಸುಟ್ಟುಕೊಂಡು ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದರಲ್ಲ, ಅಂದಿನಿಂದ ಆ ನಗು ಹೋಯಿತು. ಇವರು ಈಗಲೂ ಬೆಳಗಾದರೆ ಆ ಅಂಗಡಿಗೆ ಹೋಗಿ ಅದೇ ಮೋಟಾರುಗಳಿಗೆ ತಂತಿ ಸುತ್ತುತ್ತಾರೆ. ಸುಳ್ಳೋ ನಿಜವೋ, ನನ್ನ ಬಾಯಿಂದ ಒಂದು ಹೆಸರು ಜಾರಿ ಇವರಿಗೆ ಏನಾದರೂ ಆದರೆ? ನನಗೆ ಹೆದರಿಕೆ ಇತ್ತು. ಪ್ರೀತಿ ಇದ್ದ ಕಡೆ ಹೆದರಿಕೆ ಇದ್ದೇ ಇರುತ್ತದೆ, ಅದಕ್ಕೆ ಪಿಯುಸಿ ಪಾಸಾಗಬೇಕಿಲ್ಲ.

ಶುಕ್ರವಾರ ಕೊನೆಯ ಸಲ. ಎಲ್ಲರೂ ಬಂದಿದ್ದರು, ಫೋನಿನ ತುಂಬ ಸಣ್ಣ ಸಣ್ಣ ಮುಖಗಳು. ನಾನು ಮತ್ತೆ ನಿಮ್ಮಿಂದ ಸುರು ಮಾಡಿ, ಮಾವನವರನ್ನು ದಾಟಿ, ಮಗಳನ್ನು ದಾಟಿ, ಅದೇ ಜಾಗಕ್ಕೆ ಬಂದು ನಿಂತೆ. "ಮೈ ಹಸ್ಬೆಂಡ್ಸ್ ನೇಮ್ ಈಸ್..." ಆಗ ನನ್ನ ಮದುವೆಯ ದಿನ ನೆನಪಾಯಿತು. ತುಂಬಿದ ಮಂದಿಯ ನಡುವೆ ನೀವು ಇದೇ ಬಾಗಿಲಿಗೆ ಅಡ್ಡ ನಿಂತು "ಒಡಪು ಹೇಳಿ ಒಳಗ ಬಾ" ಅಂದಿರಿ. ನನಗೆ ಬರದಿದ್ದಾಗ ನೀವೇ ಬಗ್ಗಿ ಕಿವಿಯಲ್ಲಿ ಹೇಳಿಕೊಟ್ಟಿರಿ: "ಬಾಗಿಲದಾಗ ತೋರಣ, ಹೊಸ್ತಿಲದಾಗ ಅರಿಷಿಣ, ಗವಿಸಿದ್ದೇಶ ನನ್ನ ಮನಿಗೆ ಭೂಷಣ." ಆಮೇಲೆ ಎಲ್ಲರಿಗೂ ಕೇಳುವ ಹಾಗೆ ತೀರ್ಪು ಕೊಟ್ಟಿರಿ: "ಬರೇ ಬಾಯಾಗ ಹೇಳಿದ್ರ ಹೆಸರು, ಪ್ರಾಸ ಕಟ್ಟಿ ಹೇಳಿದ್ರ ಹರಕಿ." ನಿಮ್ಮ ತೀರ್ಪಿನಲ್ಲಿ ಕನ್ನಡದಲ್ಲೇ ಹೇಳಬೇಕು ಎಂದು ಇರಲಿಲ್ಲ ಅತ್ತೆ! ಕುರ್ಚಿಯಿಂದ ಎದ್ದೆ. ಒಡಪನ್ನು ಕೂತು ಹೇಳಬಾರದಲ್ಲ. ತಲೆಯ ಮೇಲೆ ಸೆರಗು ಹೊದ್ದೆ. ಕಣ್ಣು ಮುಚ್ಚಿ, ಮದುವೆ ಮನೆಯಲ್ಲಿ ಹೇಳುವ ಹಾಗೆ, ಗಂಟಲೆತ್ತಿ ಒದರಿದೆ:

"ರೊಟ್ಟಿ ಈಸ್ ಹಾಟ್, ಚಟ್ನಿ ಈಸ್ ಫ್ರೆಶ್,
ಮೈ ಹಸ್ಬೆಂಡ್ಸ್ ನೇಮ್ ಈಸ್ ಗವಿಸಿದ್ದೇಶ್!"

ಕಣ್ಣು ತೆರೆದರೆ ಫೋನಿನ ಮುಖಗಳೆಲ್ಲ ಬಾಯಿ ತೆರೆದು ಹಾಗೇ ನಿಂತಿದ್ದವು. ನೆಟ್ಟು ಹೋಯಿತೇನೋ ಅಂದುಕೊಂಡೆ. ಆಮೇಲೆ ಅಂಜಿನಕ್ಕ "ಭಲೇ ನನ್ನವ್ವಾ!" ಎಂದು ಕಿರುಚಿದ್ದು ಕೇಳಿತು. ಈಜಿಪ್ಟಿನ ಹೆಂಗಸೊಬ್ಬಳು ನಾಲಿಗೆ ಆಡಿಸಿ ಲಲಲಲ ಎಂದು ಕೂಗಿದಳು, ಅದು ಅವರ ಮದುವೆಯ ಕೂಗಂತೆ. ಮೇಡಂ ಮಾತ್ರ ಕಣ್ಣರಳಿಸಿ, ಏನಾಯಿತು, ಯಾಕೆ ಎದ್ದು ನಿಂತೆ, ಸೆರಗು ಯಾಕೆ, ಹಾಡು ಯಾಕೆ ಎಂದು ಒಂದರ ಮೇಲೊಂದು ಕೇಳಿದರು. ನಾನು ಹೇಳುತ್ತಾ ಹೋದೆ. ನಮ್ಮಲ್ಲಿ ಹೆಸರು ಯಾಕೆ ಹೇಳುವುದಿಲ್ಲ, ಒಡಪು ಅಂದರೆ ಏನು, ಬಾಗಿಲಲ್ಲಿ ಯಾರು ಅಡ್ಡ ನಿಲ್ಲುತ್ತಾರೆ, ಇವರ ಕೈ ಹೇಗೆ ಸುಟ್ಟಿತು, ನನಗೆ ಎಂಥ ಹೆದರಿಕೆ ಇತ್ತು, ಎಲ್ಲ. ನಿಮ್ಮ ಬಗ್ಗೆ ಬಹಳ ಹೇಳಿದೆ, ಒಳ್ಳೆಯದನ್ನೇ ಹೇಳಿದೆ, ಒಂದೆರಡು ಬಿಟ್ಟೆ. ಗ್ರಾಮರಿನ ಕೈಕಾಲು ಅಲ್ಲಲ್ಲಿ ಮುರಿದವು, ನಾನು ನಿಲ್ಲಲಿಲ್ಲ. ಮುಗಿದ ಮೇಲೆ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಅಂದರು: ಭಾಗ್ಯ, ಇಷ್ಟು ಹೊತ್ತು ನೀನು ನಮಗೆಲ್ಲ ಇಂಗ್ಲಿಷಿನಲ್ಲಿ ಪಾಠ ಮಾಡಿದೆ, ನಿನಗೆ ಗೊತ್ತಾಯಿತೇ? ನನಗೆ ಗೊತ್ತೇ ಆಗಿರಲಿಲ್ಲ. ಡುಮ್ಕಿ ಹೊಡೆದ ಭಾಗ್ಯ, ಎದ್ದು ನಿಂತು, ಸೆರಗು ಹೊದ್ದು, ಪರದೇಶದವರಿಗೆ ಪಾಠ ಹೇಳಿದ್ದಳು. ಅಲ್ಲೇ ಪಾಸು ಮಾಡಿದರು. ಆ ಖುಷಿಯನ್ನು ಹೇಗೆ ಬರೆಯಲಿ? ಫೋನು ಹಿಡಿದುಕೊಂಡೇ ಅಡುಗೆಮನೆಯಲ್ಲಿ ಕುಣಿದುಬಿಟ್ಟೆ, ಕ್ಯಾಮೆರಾ ಆನ್ ಇತ್ತು, ಇರಲಿ ಬಿಡಿ.

ಆಮೇಲೆ ಕ್ಲಾಸು ಕ್ಲಾಸಾಗಿ ಉಳಿಯಲಿಲ್ಲ, ಸೋಬಾನೆಯ ಮನೆಯಾಯಿತು. ಮೈಲಮ್ಮ ಸೆರಗು ಬಿಟ್ಟು ಎದ್ದಳು: "ಒನ್ ಬಿಗ್ ಶೀಪ್, ಟೂ ಸ್ಮಾಲ್ ಲ್ಯಾಂಬ್, ಪಾಲಾಕ್ಷಪ್ಪ ಈಸ್ ಮೈ ಮ್ಯಾನ್!" ಪ್ರಾಸ ಸ್ವಲ್ಪ ಕುಂಟಿತು, ಆದರೆ ಅವಳ ಮುಖದ ಕಳೆ ನೋಡಬೇಕಿತ್ತು. ಅಂಜಿನಕ್ಕ ಗಂಡ ಹೊನ್ನೂರಸ್ವಾಮಿಯ ಹೆಸರನ್ನು ಚಂದ್ರನಿಗೂ ಹೋಳಿಗೆಗೂ ಗಂಟು ಹಾಕಿ ಹೇಳಿದಳು. ಬ್ರೆಜಿಲಿನ ಗಂಡಸೊಬ್ಬ, ನಾನೂ ನನ್ನ ಹೆಂಡತಿಯ ಹೆಸರನ್ನು ಹೀಗೆ ಹೇಳಬಹುದೇ ಎಂದು ಕೇಳಿದ. ಹೇಳಪ್ಪಾ, ಆದರೆ ಎದ್ದು ನಿಂತು ಹೇಳು ಅಂದೆ. ನಿಂತೇ ಹೇಳಿದ.

ತಿರುಗಿ ನೋಡಿದರೆ ನಿಮ್ಮ ಮಗ ಹೊಸ್ತಿಲಲ್ಲಿ ನಿಂತಿದ್ದರು. ಅಂಗಡಿಯಿಂದ ಊಟಕ್ಕೆ ತಡವಾಗಿ ಬಂದವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಸುಟ್ಟ ಗಾಯದ ಆ ಕೈಯನ್ನು ಬಾಗಿಲ ಚೌಕಟ್ಟಿಗೆ ಕೊಟ್ಟು ನನ್ನನ್ನೇ ನೋಡುತ್ತಿದ್ದರು, ಕಣ್ಣು ತುಂಬಿತ್ತು. ನನಗೂ ಅಳು ಬಂತು. ಆಮೇಲೆ ಆ ಮನುಷ್ಯ ಏನಂದರು ಗೊತ್ತೇ? "ಚಟ್ನಿ ಹೋದ ವಾರದ್ದಲ್ಲೇನಲೇ? ಅವ್ರಿಗೆಲ್ಲ ಫ್ರೆಶ್ ಅಂತ ಸುಳ್ಳು ಹೇಳಿದಿ." ನಿಮ್ಮ ಮಗ ನಿಮ್ಮ ಮಗನೇ. ಬಿಸಿ ರೊಟ್ಟಿ ಬಡಿದು ಬಡಿಸಿದೆ, ಹೊಸ ಚಟ್ನಿಯನ್ನೂ ಕುಟ್ಟಿದೆ. ಅಂದಿನಿಂದ ಇಂದಿನವರೆಗೂ ಇವರ ಕೂದಲೂ ಕೊಂಕಿಲ್ಲ. ಇದ್ದಷ್ಟೇ ಗಟ್ಟಿಯಾಗಿದ್ದಾರೆ, ಇನ್ನೂ ಸ್ವಲ್ಪ ಮೆರೆಯುತ್ತಿದ್ದಾರೆ ಅಷ್ಟೇ.

ಇದು ನಡೆದದ್ದು. ನಾನು ಹೆಸರು ಹಿಡಿದು ಕರೆಯಲಿಲ್ಲ, ಒಡಪು ಹೇಳಿದೆ. ಮನೆಯ ಮರ್ಯಾದೆಯನ್ನು ಇಂಗ್ಲಿಷಿನಲ್ಲಿ ಕಳೆಯಲಿಲ್ಲ, ಒಂದಿಷ್ಟು ಗಳಿಸಿಯೇ ಬಂದೆ ಎಂದು ನನಗೆ ಅನ್ನಿಸುತ್ತದೆ. ತಪ್ಪು ಎಂದು ನಿಮಗನ್ನಿಸಿದರೆ ಬೈಯಿರಿ, ಆದರೆ ನಾಗಲಿಂಗಮ್ಮನ ಮಾತಿಗಲ್ಲ, ಈ ಪತ್ರ ಓದಿ ಬೈಯಿರಿ.

ಬೀಗರಿಗೆಲ್ಲ ನನ್ನ ಶರಣು ತಿಳಿಸಿ. ಗೀತಾಂಜಲಿ ತಣ್ಣೀರು ಮುಟ್ಟದಿರಲಿ, ಕಿವಿಗೆ ಹತ್ತಿ ಇಟ್ಟುಕೊಳ್ಳಲಿ. ಕೂಸಿಗೆ ಅತ್ತೆಮ್ಮನ ಮುತ್ತು. ನಿಮ್ಮ ಆಶೀರ್ವಾದ ಯಾವಾಗಲೂ ನನ್ನ ತಲೆಯ ಮೇಲಿರಲಿ, ಬೈಗುಳವೂ ಅದರ ಜೊತೆ ಬಂದರೆ ಬರಲಿ.

ನಿಮ್ಮ ಸೊಸೆ,
ಭಾಗ್ಯ

ತಾ.ಕ.: ಗುರುಸಂಗಪ್ಪ ಮಾವ ಬಸ್ಸಿಗೆ ಹೊತ್ತಾಯಿತು ಎಂದು ಬಾಗಿಲಲ್ಲೇ ನಿಂತಿದ್ದಾರೆ, ಮುಖ್ಯವಾದದ್ದನ್ನು ಈಗ ಬರೆಯುತ್ತಿದ್ದೇನೆ. ನನ್ನ ಹೊಸ ಗುಂಪು ನೀವು ಊರಿಗೆ ಬಂದ ಮರುದಿನ ಸುರುವಾಗುತ್ತದೆ, ನಿಮಗಾಗಿಯೇ ಅಷ್ಟು ಮುಂದೆ ಹಾಕಿಸಿಕೊಂಡಿದ್ದೇನೆ. ಕಟ್ಟೆಯ ಮೇಲೆ ಕೂತು ಕಾಳು ಸುಲಿಯುವ ನೆಪದಲ್ಲಿ ನೀವು ನನ್ನ ಪಾಠಕ್ಕೆಲ್ಲ ಮೆಲ್ಲಗೆ ಬಾಯಿ ಆಡಿಸುತ್ತಿದ್ದುದು ನನಗೆ ಗೊತ್ತಿತ್ತು. ಅದಕ್ಕೇ ನಿಮ್ಮನ್ನು ಕೇಳದೆ ಹೆಸರು ಸೇರಿಸಿದ್ದೇನೆ: ಶಿವಬಸಮ್ಮ, ಹರಪನಹಳ್ಳಿ, ಮೊದಲ ವಿದ್ಯಾರ್ಥಿನಿ. ಮೊದಲ ಪಾಠ ಮನೆಯವರ ಪರಿಚಯ. ಪ್ರಾಸ ಈಗಲೇ ಹುಡುಕಿಟ್ಟುಕೊಳ್ಳಿ, ಯಾಕೆಂದರೆ ಈ ಸುದ್ದಿ ಕೇಳಿ ಮಾವನವರು "ನಿಮ್ಮತ್ತಿ ಮದುವಿ ದಿನ ಒಂದ ಸಲ ನನ್ನ ಹೆಸರು ಹೇಳ್ಯಾಳ, ಅದೂ ಆ ಬಾಜಾದ ಸಪ್ಪಳದಾಗ ಕೇಳಲಿಲ್ಲ" ಅಂದರು, ನಿನ್ನೆಯೇ ಪೇಟೆಗೆ ಹೋಗಿ ಕಿವಿಯ ಮಿಷನ್ನಿಗೆ ಹೊಸ ಸೆಲ್ ಹಾಕಿಸಿಕೊಂಡು ಬಂದಿದ್ದಾರೆ.