ಗುಂಡಿ ಇಲ್ಲದ ಪಿಯಾನೊ

ಎಫುವಾಳ ಅಪ್ಪಾ,

ಕೆಂಕೆ ಮುದ್ದೆ, ಹುರಿದ ಮೀನು ಮುಚ್ಚಿಟ್ಟಿದ್ದೀನಿ. ಮೊದಲು ತಿನ್ನಿ, ಆಮೇಲೆ ಸಿಟ್ಟು ಮಾಡ್ಕೊಳ್ಳಿ.

ಸಂಜೆ ಸಂಗೀತ ಕಲಿಸೋ ದೆಡೇ ಮೇಡಂ ಮನೆಗೆ ಬರ್ತಾರೆ. ಪಾಠ ಮಗಳಿಗಲ್ಲ, ನಿಮಗೆ.

ಚರ್ಚಿಗೆ ನಿಜವಾದ ಪಿಯಾನೊ ಬಂದಾಗಿನಿಂದ ನಿಮಗೆ ಮಣಿಕಟ್ಟು ನೋವು. ಅದೆಂಥ ನೋವು ಅಂತ ನನಗೆ ಗೊತ್ತಿಲ್ವಾ? ಇಷ್ಟು ವರ್ಷ ಚರ್ಚಲ್ಲಿ ಹಾಡೋರಿಗೆ ತಕ್ಕಂತೆ ಕೀಬೋರ್ಡಿನ ಗುಂಡಿ ಒತ್ತಿ ಒತ್ತಿ ಶ್ರುತಿ ಏರಿಸಿದ್ರಿ, ಇಳಿಸಿದ್ರಿ. ಬೆರಳು ಮಾತ್ರ ಬಿಳಿ ಕೀಗಳನ್ನ ಬಿಟ್ಟು ಕದಲಲಿಲ್ಲ. ಪಿಯಾನೊಗೆ ಆ ಗುಂಡಿ ಇಲ್ಲ.

ಕಲಿಸೋರಿಗಾಗಿ ಟಕೊರಾಡಿ ಊರೆಲ್ಲ ಹುಡುಕಿದೆ. ಪಿಯಾನೊ, ಕಹಳೆ ಎರಡೂ ಕಲಿಸುವ ಒಬ್ಬರು ವಿಷಯ ಕೇಳಿ ನಕ್ಕರು, ಎದ್ದು ಬಂದೆ. ಈ ಮೇಡಂ ನಗಲಿಲ್ಲ. "ನಾನೂ ಆ ಗುಂಡಿ ಒತ್ತಿಕೊಂಡೇ ಬೆಳೆದವಳು ಕಣಮ್ಮ, ಈಸ್ಟರ್ ಹೊತ್ತಿಗೆ ಚಟ ಬಿಡಿಸೋಣ" ಅಂದರು.

ನಮ್ಮ ಕೀಬೋರ್ಡಿನ ಗುಂಡಿ ಮೇಲೆ ಗಾಯದ ಪಟ್ಟಿ ಅಂಟಿಸಿದ್ದೀನಿ. ಕೀಳಬೇಡಿ.

ಅಕ್ಕಪಕ್ಕದವರಿಗೆಲ್ಲ ಪಾಠ ಎಫುವಾಗೆ ಅಂತ ಹೇಳಿದ್ದೀನಿ. ಎಣ್ಣೆಯಲ್ಲಿ ಕರಿದ ಬಿಸಿ ಬೋಫ್ರೊಟ್ ಕೊಡಿಸಿದರೆ ಪಾಠ ಮುಗಿಯೋವರೆಗೂ ನಿಮ್ಮ ಪಕ್ಕದಲ್ಲೇ ಕೂತಿರ್ತಾಳಂತೆ. ಸೆಕೆ ಇದೆ, ಕಿಟಕಿ ಮುಚ್ಚಬೇಡಿ. ಎಷ್ಟು ತಪ್ಪಾದರೂ ಜೋರಾಗಿಯೇ ನುಡಿಸಿ. ಹೆಸರು ಕೆಡೋದು ಅವಳದ್ದು.

ಅರಬಾ