ಗೋಡೆ ಕಡೆಯ ಮೈ

ಜುಲೈ 9, ಮಂಗಳವಾರ
ಮಧ್ಯಾಹ್ನದವರೆಗೆ ಸ್ಯಾಂಡ್‌ಪೇಪರ್. ಎರಡು ಕುರ್ಚಿ ಮುಗಿಯಿತು, ಮೂರನೆಯದು ಅರ್ಧ. ಆಗ ಸುದೀಪನ ಫೋನ್, ದಾಂಡೇಲಿ ಪಕ್ಕ ಮೌಳಂಗಿ ಕಡೆಯ ಹೋಮ್‌ಸ್ಟೇ ಮಾಲೀಕ. ಏಪ್ರಿಲ್‌ನಲ್ಲಿ ಅವನ ಹನ್ನೆರಡು ರೂಮಿನ ಮಂಚ, ಕಪಾಟು ಎಲ್ಲ ಪಾಲಿಶ್ ಮಾಡಿದ್ದು ನಾನು. ಹದಿನೆಂಟು ವರ್ಷ ಪಾಲಿಶ್ ಮೇಸ್ತ್ರಿ ಮುಜೀಬನ ಕೈಕೆಳಗೆ ಉಜ್ಜಿದ ಮೇಲೆ ನನ್ನ ಹೆಸರಿನಲ್ಲಿ ಹಿಡಿದ ಮೊದಲ ಕೆಲಸ.

"ಇಶ್ರತ್ ಆಪಾ, ಕಪಾಟಿಗೆಲ್ಲ ಬೂಸರ ಬಂದೈತ್ರಿ. ಗೆಸ್ಟ್ ಫೋಟೊ ಹಾಕ್ಯಾರ. ನಿಮ್ಮ ಪಾಲಿಶ್ ಸರಿ ಇಲ್ಲ."

ಮಳೆ ದೇವರದು, ರೂಮು ಅವನದು, ಬೂಷ್ಟು ಮಾತ್ರ ನನ್ನದಂತೆ! ಸಿಟ್ಟಿಗೆ ಕುರ್ಚಿಯ ಕೈ ಜಾಸ್ತಿ ಉಜ್ಜಿಹೋಯಿತು.

ಜುಲೈ 10
ಹೋಗಿ ನೋಡಿದೆ. ಐದನೆಯ ರೂಮು. ಮುಗ್ಗಲು ವಾಸನೆ. ಕಿಟಕಿಗೆ ತಿಂಗಳಿಂದ ಚಿಲಕ. ಕಪಾಟಿನೊಳಗೆ ರಾಫ್ಟಿಂಗ್ ಮಾಡಿ ಬಂದವರ ಒದ್ದೆ ಬಟ್ಟೆ — ತೊಟ್ಟಿಕ್ಕುತ್ತ.

ರೂಮು ಗುಡಿಸುವ ರಾಜಶ್ರೀ ಒಣ ಬ್ರಷ್‌ನಲ್ಲಿ ಬೂಷ್ಟು ಕೊಡವುತ್ತಿದ್ದಳು. ಪುಡಿ ಹಾರಿ ಮಂಚಕ್ಕೆ. "ಬೀಜ ಬಿತ್ತಬ್ಯಾಡ ತಂಗಿ" ಅಂದೆ. ಮೊನ್ನೆ ಕೊಬ್ಬರಿ ಎಣ್ಣೆಯನ್ನೂ ಹಚ್ಚಿದ್ದಳಂತೆ, ಹೊಳೆಯಲಿ ಎಂದು. ಬೂಷ್ಟಿಗೆ ಊಟ ಬಡಿಸಿದ ಹಾಗೆ.

"ಮುಜೀಬ ಭಾಯಿನ್ನ ಕರೀತೇನ್ರಿ ಇನ್ನ" ಅಂದ ಸುದೀಪ.

"ಕರೀರಿ. ಅದಕ್ಕ ಮೊದಲ ಈ ಒಂದು ರೂಮ್ ನನ್ನ ಕೈಯಾಗ ಕೊಡ್ರಿ. ಪಾಲಿಶ್ ಆಗಿ ಹದಿನೈದು ದಿವಸಕ್ಕ ನೋಡ್ರಿ. ಮತ್ತ ಬೂಸರ ಬಂದ್ರ ದಾಂಡೇಲ್ಯಾಗ ಬ್ರಷ್ ಹಿಡಿಯಂಗಿಲ್ಲ."

ಹೇಳಿದ್ದು ಹೇಳಿದ್ದೇ.

ಜುಲೈ 11, ಬೆಳಿಗ್ಗೆ
ಕಪಾಟು ಗೋಡೆಯಿಂದ ಎಳೆಸಿದೆ. ಹಿಂಬದಿ ನೋಡಿದೆ. ಮೇಲಿಂದ ಕೆಳಗೆ ಹಸಿರು, ಬಿಳಿ ಬೂಷ್ಟು. ಆ ಕಡೆ ನಾನು ಪಾಲಿಶ್ ಹಚ್ಚಿರಲೇ ಇಲ್ಲ. ಇಲ್ಲಿ ಯಾರೂ ಹಚ್ಚುವುದಿಲ್ಲ. "ಗ್ವಾಡಿ ಕಡೆ ಯಾರ್ ನೋಡ್ತಾರ?" — ಮುಜೀಬ ಕಲಿಸಿದ ಮೊದಲ ಪಾಠ. ಗೋಡೆ ನೋಡುತ್ತದಲ್ಲ! ನೀರು ಕುಡಿದ ಗೋಡೆ, ಅದಕ್ಕೆ ಒತ್ತಿ ನಿಂತ ಬರೀ ಕಟ್ಟಿಗೆ.

ಮುಚ್ಚಿಡಬಹುದಿತ್ತು... ಹೇಳಿಬಿಟ್ಟೆ. "ಹಿಂದಿಂದು ನನ್ನ ತಪ್ಪು. ಒಳಗಿಂದು ನಿಮ್ಮದು."

ಸಂಜೆ
ಮೂಗಿಗೆ ಓಢಣಿ ಕಟ್ಟಿ ವಿನೆಗರ್ ನೀರಿನಲ್ಲಿ ಒರೆಸಿದೆ. ಒಮ್ಮೆ ಒರೆಸಿದ ಬಟ್ಟೆ ಮತ್ತೆ ಅದ್ದಲಿಲ್ಲ. ಪಾಲಿಶ್ ಇವತ್ತೇ ಹಚ್ಚಿ ಎಂದು ಸುದೀಪನ ಅವಸರ. ಹಸಿಯ ಮೇಲೆ ಹಚ್ಚಿದರೆ ಕಳ್ಳನನ್ನು ಒಳಗೆ ಬಿಟ್ಟು ಬೀಗ ಹಾಕಿದಂತೆ. ಫ್ಯಾನ್ ತಿರುಗಲಿ. ಅವನು ಕಾಯಲಿ.

ಜುಲೈ 16
ಒಣಗಿತು. ಹಿಂದೆ, ಕೆಳಗೆ, ಕಾಲಿನ ಅಡಿಗೆ ಕೂಡ ಎರಡು ಕೋಟ್. ಗೋಡೆಯಿಂದ ನಾಲ್ಕು ಬೆರಳು ದೂರ. ತೇವ ಹೀರಲು ಒಳಗೆ ಡಬ್ಬಿಯಲ್ಲಿ ಸುಣ್ಣದ ಹರಳು. ಒದ್ದೆ ಬಟ್ಟೆಗೆ ವರಾಂಡದಲ್ಲಿ ಹಗ್ಗ. ಮಳೆ ನಿಂತು ಹೊಳವಾದಾಗ ಮಾತ್ರ ಕಿಟಕಿ ತೆಗಿ ಎಂದು ರಾಜಶ್ರೀಗೆ ಹೇಳಿದೆ.

"ಹೊಳವಾಗೂದು ಯಾವಾಗ್ರಿ ಆಪಾ?"

"ಕಾಯೋದs ಕೆಲಸ."

ಜುಲೈ 22
ಮಳೆ. ನಿಲ್ಲಲೇ ಇಲ್ಲ. ನಿದ್ದೆಯೂ ಇಲ್ಲ.

ಜುಲೈ 31, ಬುಧವಾರ
ಸುದೀಪ ಕಪಾಟಿನ ಹಿಂದೆ ಮೊಬೈಲ್ ಬೆಳಕು ಬಿಟ್ಟು ನೋಡಿದ. ಬೆರಳು ಉಜ್ಜಿ ಮೂಸಿದ. ಸ್ವಚ್ಛ! ನಾನು ಮುಟ್ಟದ ಆರನೆಯ ರೂಮಿನಲ್ಲಿ ಬೂಷ್ಟು ಮಂಚಕ್ಕೂ ಹತ್ತಿದೆ. ಖುಷಿಗೆ ಕಣ್ಣು ತುಂಬಿತು, ತೋರಿಸಲಿಲ್ಲ.

"ಎಲ್ಲಾ ರೂಮೂ ಹಿಂಗ ಮಾಡಿಸೂಣು. ಮುಜೀಬ ಭಾಯಿಗೆ ಹೇಳೇನಿ. ನೀವೂ ಅವರ ಕೂಡ ಬರ್ರಿ, ತೋರಸ್ರಿ."

"ಗೆದ್ದಾಕಿ ನಾ. ಕೆಲಸ ಅವಗ?"

"ದೊಡ್ಡ ಕೆಲಸರಿ ಆಪಾ... ಗಂಡಸರ ಹೆಸರಿದ್ರ ಛಲೋ."

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಳ್ಳುವುದು ಕೇಳಿದ್ದೆ. ಇವತ್ತು ಕಣ್ಣಾರೆ ಕಂಡೆ. ಬ್ರಷ್ ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟೆ.

ಆಗಸ್ಟ್ 1
ಮುಜೀಬ ಬಂದ. ಏನು ಬೆರೆಸಿದೆ, ಎಷ್ಟು ದಿನ ಒಣಗಿಸಿದೆ ಎಂದು ಕೇಳಿದ — ಉರ್ದುವಿನಲ್ಲಿ, ಮೆಲ್ಲಗೆ. ಚಹಾ ಕೊಟ್ಟೆ. ಉತ್ತರವನ್ನು ಬೇಕಂತಲೇ ಕನ್ನಡದಲ್ಲಿ, ಜೋರಾಗಿ ಹೇಳಿದೆ, ಪಕ್ಕದ ಮನೆಯವರೂ ಕೇಳಲಿ ಎಂದು.

"ಹದಿನೆಂಟ್ ವರ್ಷ ನಿನ್ನ ಕೈಕೆಳಗ ನಾ ದುಡದೇನಿ. ಹದಿನೆಂಟ್ ದಿವಸ ನನ್ನ ಕೈಕೆಳಗ ನೀ ಬಾ. ಎಲ್ಲಾ ಕಲಸ್ತೇನಿ."

ನಕ್ಕ. ಆಮೇಲೆ ನಗಲಿಲ್ಲ. ಚಹಾ ಅರ್ಧ ಬಿಟ್ಟು ಹೋದ.

ಆಗಸ್ಟ್ 9
ರಾಜಶ್ರೀ ಫೋನ್. ಮುಜೀಬ ಹನ್ನೊಂದು ರೂಮು ಮೂರೇ ದಿನದಲ್ಲಿ ಮುಗಿಸಿದನಂತೆ. "ಒಣಗಸ್ಲೇ ಇಲ್ರಿ ಆಪಾ." ನನಗೇನು.

ಸುಳ್ಳು. ಆ ಹಸಿ ಕಟ್ಟಿಗೆಯ ನೆನಪಿಗೆ ಸಂಕಟವಾಯಿತು.

ಆಗಸ್ಟ್ 20, ಬೆಳಿಗ್ಗೆ 11
ಸುದೀಪ ನಮ್ಮ ಮನೆ ಹೊರಗೆ ಕಟ್ಟೆಯ ಮೇಲೆ. ಪಕ್ಕದಲ್ಲಿ ಮುಜೀಬ. ಹನ್ನೊಂದು ರೂಮಿಗೂ ಮತ್ತೆ ಬೂಷ್ಟು, ಪಾಲಿಶ್ ಪೊರೆ ಪೊರೆಯಾಗಿ ಎದ್ದಿದೆಯಂತೆ.

"ಎಲ್ಲಾ ನೀವs ಮಾಡ್ರಿ ಆಪಾ."

"ಬಾಯಿಮಾತು ಬ್ಯಾಡ. ಕೆಲಸ ಇಶ್ರತ್‌ಂದು, ಮುಜೀಬ ಅಕಿ ಕೈಕೆಳಗ. ಹಂಗಂತ ಬರದು ಕೊಡ್ರಿ."

ಮುಜೀಬ ನೆಲ ನೋಡಿದ. ಬೇಡ ಅನ್ನಲಿಲ್ಲ.

ಕಾಗದ ಕೊಟ್ಟು ಒಳಗೆ ಬಂದು ಕೂತಿದ್ದೇನೆ. ಇಷ್ಟು ಬರೆದು ಮುಗಿಸುವವರೆಗೆ ಕಾಯಲಿ ಇಬ್ಬರೂ. ಸುದೀಪ ಕೂಗುತ್ತಿದ್ದಾನೆ — ನನ್ನ ಹೆಸರಿನ ಅರ್ಧಕ್ಕೆ ಅವನ ಪೆನ್ನು ನಿಂತಿತಂತೆ. ಮನೆಯಲ್ಲಿ ಇರುವ ಪೆನ್ನು ನನ್ನ ಕೈಯಲ್ಲಿರುವ ಇದೊಂದೇ. ಕೊಡ—