ಕೌದಿಯ ಅಂಚಿನ ಕೈ

ಮರ್ಜಿಯಾ,

ನಿನಗೆ ಕನ್ನಡ ಓದಲು ಬಾರದು. ನೀನೀಗ ಯಾವ ಊರಲ್ಲಿದ್ದೀ ಎಂಬುದೂ ನನಗೆ ತಿಳಿಯದು. ಅದಕ್ಕೇ ಬರೆಯುವ ಧೈರ್ಯ ಬಂದಿದೆ.

ಇಂದು ಆಳಂದದಲ್ಲಿ ನಮ್ಮ ಸೇವಾ ಸಂಘ ನನಗೆ ಸನ್ಮಾನ ಮಾಡಿತು. ಅಫ್ಘಾನಿಸ್ತಾನದಿಂದ ಬಂದವರಿಗೆ ಆಸರೆಯಾದವಳಂತೆ ನಾನು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಇದ್ದವು. ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಬ್ಯಾನರಿನಲ್ಲಿ ನೀನಿದ್ದೆ. ಹೋದ ಚಳಿಗಾಲ ನಿನಗೆ ಹೊದೆಯಲು ಕೌದಿ ಕೊಟ್ಟ ದಿನದ ಅದೇ ಫೋಟೋ.

ನೀನು ಮೊದಲೇ ಹೇಳಿದ್ದೆ: ಕಾಬೂಲಿನಲ್ಲಿ ಪೊಲೀಸ್ ಕೆಲಸದಲ್ಲಿದ್ದೆ, ತಮ್ಮ ಇನ್ನೂ ಅಲ್ಲೇ ಇದ್ದಾನೆ, ನನ್ನ ಮುಖ ಎಲ್ಲೂ ಕಾಣಬಾರದು ಎಂದು. ಫೋಟೋ ಪೇಪರಿನಲ್ಲಿ ಬಂತು, ಫೋನಿನಿಂದ ಫೋನಿಗೆ ಹೋಯಿತು. ಎಂಟೇ ದಿನಕ್ಕೆ ಕಾಬೂಲಿನಲ್ಲಿ ಆಡಳಿತ ಹಿಡಿದವರು ನಿನ್ನ ತಮ್ಮನನ್ನು ಮನೆಯಿಂದ ಎಳೆದೊಯ್ದರು. ನೀನು ಕೌದಿಯನ್ನು ಮಡಚಿ ನಮ್ಮ ಕಟ್ಟೆಯ ಮೇಲಿಟ್ಟು ಊರು ಬಿಟ್ಟೆ.

ಇಂದು ವೇದಿಕೆಯ ಮೇಲೆ ಸಂಘದ ಅಧ್ಯಕ್ಷ ಅಮರನಾಥರಿಗೆ ನಾನು ಮೆಲ್ಲಗೆ ಹೇಳಿದೆ: "ಆ ಫೋಟೋ ತೆಗಸ್ರಿ. ಆಕಿ ಬ್ಯಾಡ ಅಂದಿದ್ಲು."

"ಎಷ್ಟ್ ಛಲೋ ಬಂದದ ನೋಡ್ರಿ, ವಿದ್ಯಾವತಿ ಅಕ್ಕಾರ. ಆಕಿ ಹೋಗಿ ವರ್ಷ ಆಗ್ಲಾಕ ಬಂತು. ಈಗ್ಯಾರು ಕೇಳ್ತಾರ?"

ಆಮೇಲೆ ಮೈಕ್ ಹಿಡಿದು, ಫೋಟೋದಲ್ಲಿ ಕೌದಿಯ ಅಂಚು ಹಿಡಿದಿದ್ದ ನನ್ನ ಹಸಿರು ಬಳೆಯ ಕೈ ತೋರಿಸಿದರು: "ಆ ಹಸರ ಬಳಿ ಕೈ ನೋಡ್ರಿ. ಕೊಡೂ ಕೈ ಅಂದ್ರ ಹಿಂಗಿರಬೇಕು."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಎದ್ದು ಕೈ ಮುಗಿದೆ.

ಆ ದಿನ ನೀನು ಕೌದಿಯನ್ನು ಕಣ್ಣಿನವರೆಗೆ ಎತ್ತಿ ಹಿಡಿದಿದ್ದೆ. ಫೋಟೋದಲ್ಲಿ ಮುಖ ಬರಲೆಂದು ನನ್ನ ಕೈ ಅದನ್ನು ಕೆಳಗೆ ಎಳೆಯುತ್ತಿತ್ತು.